ಅಧ್ಯಕ್ಷರ ಇಪ್ಪತ್ತಮೂರು ಖಾಲಿ ಸೀಸೆ

ಪ್ರಾದೇಶಿಕ ಪಶುವೈದ್ಯರ ಸಂಘಕ್ಕೆ ಆ ವರ್ಷ ಅಧ್ಯಕ್ಷರನ್ನು ಆರಿಸಿದ್ದು ಸಂಘದ ಹಳೆಯ ಪದ್ಧತಿಯಂತೆಯೇ. ಸಭೆಗೆ ಯಾರು ಬರಲಿಲ್ಲವೋ ಅವರೇ ಅಧ್ಯಕ್ಷರು. ಹತ್ತೊಂಬತ್ತು ಸದಸ್ಯರಲ್ಲಿ ಹದಿನೆಂಟು ಜನಕ್ಕೆ ಈ ಪದ್ಧತಿ ಚೆನ್ನಾಗಿ ಗೊತ್ತಿದ್ದುದರಿಂದ ಜ್ವರ ಬಂದವರೂ ಕಂಬಳಿ ಹೊದ್ದು ಬಂದು ಕೂತಿದ್ದರು. ನಮ್ಮ ಡಾಕ್ಟರು ಮಾತ್ರ ಬಂದಿರಲಿಲ್ಲ.

ಬಂದಿರಲಿಲ್ಲ ಎಂದರೆ ಅವರಿಗೆ ಅನ್ಯಾಯ ಮಾಡಿದಂತೆ. ಎಲ್ಲರಿಗಿಂತ ಅರ್ಧ ಗಂಟೆ ಮೊದಲೇ ಬಂದಿದ್ದರು. ಆದರೆ ಎರಡನೇ ಮಹಡಿಗೆ ಹತ್ತುವ ಬದಲು ಮೊದಲನೇ ಮಹಡಿಯಲ್ಲೇ ನಿಂತು, ಬಾಗಿಲಲ್ಲಿ ಯಾರೋ "ಬನ್ನಿ ಡಾಕ್ಟರೇ" ಎಂದು ಕೈಮುಗಿದ ಕೂಡಲೇ ಒಳಗೆ ಹೋಗಿ ದಂತವೈದ್ಯರ ಸಂಘದ ವಾರ್ಷಿಕ ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕೂತುಬಿಟ್ಟಿದ್ದರು. ಗೋಡೆಯ ಮೇಲೆ ದವಡೆಯ ಚಿತ್ರ ಬಂದಾಗ, ಎಮ್ಮೆಯದಕ್ಕೆ ಇದು ಚಿಕ್ಕದಾಯಿತಲ್ಲ, ಕರುವಿನದಿರಬೇಕು ಎಂದುಕೊಂಡರು. ನಕಲಿ ವೈದ್ಯರ ವಿರುದ್ಧ ಒಂದು ನಿರ್ಣಯ ಬಂತು. ಅದನ್ನು ಎದ್ದು ನಿಂತು ಅನುಮೋದಿಸಿದರು. ಊಟದ ಸಾಲಿನಲ್ಲಿ ಪಕ್ಕದವರೊಬ್ಬರು ಸ್ನೇಹದಿಂದ ಕೇಳಿದರು.

"ನಿಮ್ಮಲ್ಲಿ ದಿನಕ್ಕೆ ಎಷ್ಟು ಪೇಷಂಟ್ಸ್ ಬರ್ತಾರೆ?"

"ಹದಿನೈದು ಇಪ್ಪತ್ತು ಬರ್ತಾವೆ. ಆದ್ರೆ ನಮ್ಮ ಕಡೆಯವು ಒದೆಯೋದು ಜಾಸ್ತಿ. ಕಾಲು ಕಟ್ಟಿ ಕೆಡವದೆ ಏನೂ ಮಾಡೋಕಾಗಲ್ಲ."

ಆ ದಂತವೈದ್ಯರು ತಟ್ಟೆ ತೆಗೆದುಕೊಂಡು ಸಾಲಿನ ಕೊನೆಗೆ ಹೋದರು. ನಮ್ಮ ಡಾಕ್ಟರು ಊಟ ಮುಗಿಸಿ ಕೈ ತೊಳೆಯುತ್ತಿರುವಾಗ ಮೇಲಿನಿಂದ ಇಳಿದು ಬಂದ ಪಶುವೈದ್ಯರ ಸಂಘದ ಕಾರ್ಯದರ್ಶಿ ಅವರ ಒದ್ದೆ ಕೈಯನ್ನೇ ಹಿಡಿದು ಕುಲುಕಿ, ಅಧ್ಯಕ್ಷರಾಗಿದ್ದಕ್ಕೆ ಅಭಿನಂದಿಸಿ, ಒಂದು ರಬ್ಬರ್ ಮುದ್ರೆಯನ್ನೂ ಬೀಗದಕೈ ಕಳೆದುಹೋದ ಒಂದು ಬೀರುವಿನ ಸಂಪೂರ್ಣ ಜವಾಬ್ದಾರಿಯನ್ನೂ ವಹಿಸಿಕೊಟ್ಟರು. ಕಾರ್ಯದರ್ಶಿ ಒಂಬತ್ತು ವರ್ಷದಿಂದ ಕಾರ್ಯದರ್ಶಿಯಾಗಿಯೇ ಇದ್ದವರು. ಬೈಗುಳವೆಲ್ಲ ಅಧ್ಯಕ್ಷರಿಗೆ ಹೋಗುತ್ತದೆ, ಟೀ ಬಿಸ್ಕತ್ತು ಕಾರ್ಯದರ್ಶಿಗೆ ಬರುತ್ತದೆ ಎಂಬ ರಹಸ್ಯ ಸಂಘದಲ್ಲಿ ಅವರೊಬ್ಬರಿಗೇ ಗೊತ್ತಿತ್ತು.

ಇನ್ನೊಬ್ಬರಾಗಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದರು. ಡಾಕ್ಟರಿಗೆ ಮಾತ್ರ ಒಳಗೊಳಗೇ ಹಳೇ ನೋವಿಗೆ ಗುಳಿಗೆ ಸಿಕ್ಕಿದಷ್ಟು ಹಿತವಾಯಿತು. ಹದಿನಾಲ್ಕು ವರ್ಷದಿಂದ ಅವರು ಎಲ್ಲರ ಬಾಯಲ್ಲಿ "ದನದ ಡಾಕ್ಟರು". ಅವರ ಹೆಂಡತಿ ದನದ ಡಾಕ್ಟರ ಹೆಂಡತಿ. ಪಕ್ಕದ ಮನೆಯ ದರ್ಜಿಯ ಅಂಗಡಿಯಲ್ಲಿ ಅವರ ಪ್ಯಾಂಟು ಕೂಡ ದನದ ಡಾಕ್ಟರ ಪ್ಯಾಂಟು. ಈಗ ಎಲ್ಲದಕ್ಕೂ ಒಂದು ಪರಿಹಾರ ಸಿಕ್ಕಿತ್ತು.

ಅವರಿಗಿಂತ ಹೆಚ್ಚು ಹಿಗ್ಗಿದವರು ಮಾವ. ಮಾವ ಒಂದು ದೊಡ್ಡ ಕಚೇರಿಯ ಟಪಾಲು ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಬಂದ ಅರ್ಜಿಗಳಿಗೆಲ್ಲ ಮುದ್ರೆ ಒತ್ತಿ, ನಿವೃತ್ತರಾಗಿ, ಮಗಳ ಮನೆಯಲ್ಲಿದ್ದರು. ಮಗಳನ್ನು ಡಾಕ್ಟರಿಗೆ ಕೊಟ್ಟಿದ್ದೇನೆ ಎಂದು ಎಲ್ಲ ಕಡೆ ಹೇಳುತ್ತಿದ್ದರು; ಯಾವ ಡಾಕ್ಟರು ಎಂದು ಕೇಳಿದರೆ "ಜನರಲ್" ಎಂದು ಮಾತು ತೇಲಿಸುತ್ತಿದ್ದರು. ಸುದ್ದಿ ಕೇಳಿದ ಮರುದಿನವೇ ಬೋರ್ಡು ಬರೆಯುವವನನ್ನು ಹಿಡಿದು ತಂದರು.

"ಅಧ್ಯಕ್ಷರು ಅನ್ನೋದು ಬೀದಿ ಕೊನೆಯಿಂದ ಕಾಣಬೇಕು," ಎಂದರು ಮಾವ.

ಬರೆಯುವವನು ಮಾತಿಗೆ ತಪ್ಪುವವನಲ್ಲ. ಐದಡಿ ಹಲಗೆಯಲ್ಲಿ ನಾಲ್ಕೂವರೆ ಅಡಿ "ಅಧ್ಯಕ್ಷರು" ಎಂದು ಬರೆದ. ಪಶುವೈದ್ಯರ ಸಂಘಕ್ಕೆ ಜಾಗ ಉಳಿಯಲಿಲ್ಲ. ಅದನ್ನು ಕೆಳಗೆ ಬಲಮೂಲೆಯಲ್ಲಿ, ತನ್ನ ಹೆಸರು ಹಾಕಿಕೊಳ್ಳುವ ಜಾಗದಲ್ಲಿ, ಇರುವೆಯಷ್ಟು ಅಕ್ಷರದಲ್ಲಿ ತುರುಕಿದ. ಬೋರ್ಡು ಸಿಕ್ಕಿಸಿದ ಮೇಲೆ ಗೇಟು ಪೂರ್ತಿ ಮುಚ್ಚುತ್ತಿರಲಿಲ್ಲ. ಅಧ್ಯಕ್ಷರ ಮನೆಯ ಬಾಗಿಲು ಸದಾ ತೆರೆದಿರಬೇಕು ಎಂದು ಮಾವ ಅದಕ್ಕೂ ಒಂದು ಸಮರ್ಥನೆ ಕೊಟ್ಟರು.

ತೆರೆದ ಗೇಟಿನಿಂದ ಜನ ಬರತೊಡಗಿದರು. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಒಬ್ಬರು, ಮಗಳಿಗೆ ಶಾಲೆಯಲ್ಲಿ ಸೀಟು ಬೇಕು ಎಂದು ಇನ್ನೊಬ್ಬರು. ದರ್ಜಿ ಅಳತೆಯ ಟೇಪು ಕತ್ತಿಗೆ ಹಾಕಿಕೊಂಡೇ ಬಂದು, ಚರಂಡಿ ಕಟ್ಟಿಕೊಂಡು ಎಂಟು ದಿನವಾಯಿತು ಎಂದ.

"ಅದು ನಂಗೆ ಬರಲ್ಲಪ್ಪ. ನಾನು ಪಶುವೈದ್ಯರಿಗೆ ಮಾತ್ರ ಅಧ್ಯಕ್ಷ," ಎಂದರು ಡಾಕ್ಟರು.

"ಅಧ್ಯಕ್ಷರು ಅಂದ್ಮೇಲೆ ಯಾವುದಕ್ಕಾದ್ರೇನು ಡಾಕ್ಟ್ರೇ. ಮೇಲಿರೋರು ಮೇಲಿರೋರ ಮಾತು ಕೇಳ್ತಾರೆ. ಒಂದು ಮಾತು ಹೇಳಿ ಸಾಕು."

ಡಾಕ್ಟರಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಒಂದು ಪುಸ್ತಕ ತಂದು ಚರಂಡಿಯನ್ನು ಬರೆದುಕೊಂಡರು. ಬರೆದುಕೊಂಡ ಕೂಡಲೇ ಅರ್ಧ ಕೆಲಸವಾದಂತೆ ಇಬ್ಬರಿಗೂ ಸಮಾಧಾನವಾಯಿತು.

ಒಂದು ಭಾನುವಾರ ಬೆಳಗ್ಗೆ ಒಬ್ಬ ಹೆಂಗಸು ಬಲಗೈಯನ್ನು ಬಟ್ಟೆಯ ಜೋಲಿಯಲ್ಲಿ ಇಳಿಬಿಟ್ಟುಕೊಂಡು ಗೇಟಿನ ಸಂದಿಯಲ್ಲಿ ತೂರಿ ಬಂದರು. ವರಾಂಡದಲ್ಲಿದ್ದ ಮಾವ ಅವರ ಕೈ ನೋಡಿ ಪುಲಕಿತರಾದರು. ಅಳಿಯನನ್ನು ಹುಡುಕಿಕೊಂಡು ಎರಡು ಕಾಲಿನ ರೋಗಿ ಬಂದದ್ದು ಅದೇ ಮೊದಲು.

"ಒಳಗೆ ಬಾಮ್ಮ. ಡಾಕ್ಟರು ಕೈ ನೋಡ್ತಾರೆ."

"ನಾನೂ ಡಾಕ್ಟರೇ ಸರ್," ಎಂದರು ಆಕೆ. "ಸಂಘದ ಮೆಂಬರು."

ಅವರನ್ನು ಸಂಘದಲ್ಲಿ ಎಲ್ಲರೂ ಮೂರೂರು ಮೇಡಂ ಎನ್ನುತ್ತಿದ್ದರು. ಮೂರು ಊರಿನ ಮೂರು ಪಶು ಆಸ್ಪತ್ರೆಗೆ ಅವರೊಬ್ಬರೇ ಡಾಕ್ಟರು. ಉಳಿದೆರಡು ಹುದ್ದೆ ಖಾಲಿ ಬಿದ್ದು ಆರು ವರ್ಷವಾಗಿತ್ತು. ಹನ್ನೊಂದು ವರ್ಷ ದಿನಬೆಳಗಾದರೆ ಹಸುವಿನ ಹೊಟ್ಟೆಯೊಳಗೆ ಭುಜದ ತನಕ ಕೈ ಹಾಕಿ, ಗರ್ಭ ಪರೀಕ್ಷೆ ಮಾಡಿ, ಅಡ್ಡ ಬಂದ ಕರು ಎಳೆದು, ಈಗ ಭುಜದ ನರ ಹರಿದಿತ್ತು. ಶಸ್ತ್ರಚಿಕಿತ್ಸೆಗೆ ಮುಂದಿನ ತಿಂಗಳು ಹತ್ತನೇ ತಾರೀಕು ಗೊತ್ತಾಗಿತ್ತು. ಆಮೇಲೆ ಮೂರು ವಾರ ಕೈ ಅಲ್ಲಾಡಿಸುವಂತಿಲ್ಲ. ಈಗ ಮಾಡಿಸದಿದ್ದರೆ ಆ ಕೈ ಇನ್ನು ತಲೆ ಬಾಚಲೂ ಮೇಲೇಳುವುದಿಲ್ಲ ಎಂದು ಸರ್ಜನ್ ಹೇಳಿದ್ದರು.

"ರಜೆ ಕೊಡ್ತಿಲ್ವಾ?" ಎಂದು ಕೇಳಿದರು ಡಾಕ್ಟರು.

"ಮೂರು ಸಲ ಅರ್ಜಿ ಹಾಕ್ದೆ ಸರ್. ಮೂರು ಸಲಾನೂ 'ಬದಲಿ ವ್ಯವಸ್ಥೆ ಸೂಚಿಸಿ' ಅಂತ ವಾಪಸ್ ಬಂತು. ಯಾರನ್ನ ಸೂಚಿಸಲಿ? ಮೂರೂರಿಗೂ ನಾನೇ ಬದಲಿ. ಸಂಘ ಅಂತ ಒಂದಿದೆಯಲ್ಲ, ಕೇಳೋಣ ಅಂತ ಬಂದೆ."

ಹೆಂಡತಿ ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಾವ ನೋಡುತ್ತಿದ್ದರು. ಚರಂಡಿ ಏನಾಯಿತು ಎಂದು ವಿಚಾರಿಸಲು ಬಂದಿದ್ದ ದರ್ಜಿ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ. ಇಷ್ಟು ಜನರ ಮುಂದೆ ಅಧ್ಯಕ್ಷರಾದವರು ಇನ್ನೇನು ಹೇಳಲು ಸಾಧ್ಯ?

"ಹತ್ತನೇ ತಾರೀಕು ನೀವು ಆಪರೇಷನ್ ಟೇಬಲ್ ಮೇಲಿರ್ತೀರಿ," ಎಂದರು. "ಅದು ನನ್ನ ಜವಾಬ್ದಾರಿ."

ಮೇಡಂ ಎಡಗೈಯನ್ನೇ ಎದೆಗೆ ಮುಟ್ಟಿಸಿ ನಮಸ್ಕಾರ ಮಾಡಿ ಹೋದರು. ಅವರು ಗೇಟು ದಾಟಿದ ಮೇಲೆ ಹೆಂಡತಿ ಕೇಳಿದರು.

"ಹೇಗ್ರೀ ಮಾಡ್ತೀರಿ?"

"ಮನವಿ ಕೊಡ್ತೀವಿ."

"ಹೋದ ವರ್ಷ ಏನು ಕೊಟ್ಟಿದ್ರಿ?"

"ಅದೂ ಮನವಿನೇ. ಆದ್ರೆ ಅದ್ರಲ್ಲಿ ಅಂಕಿ ಅಂಶ ಇರಲಿಲ್ಲ," ಎಂದು ಮಾವ ಅಳಿಯನ ಪರವಾಗಿ ಉತ್ತರ ಕೊಟ್ಟರು. "ಮೂವತ್ತನಾಲ್ಕು ವರ್ಷ ನೋಡಿದೀನಮ್ಮ. ಅಂಕಿ ಇಲ್ಲದ ಅರ್ಜಿ ನೇರ ಕಸದ ಬುಟ್ಟಿಗೆ. ಅಂಕಿ ಇದ್ರೆ ಫೈಲಿಗಾದ್ರೂ ಹೋಗುತ್ತೆ."

ಅಂಕಿಗಳಿಗೇನು ಬರವಿರಲಿಲ್ಲ. ಹತ್ತೊಂಬತ್ತು ಡಾಕ್ಟರುಗಳಿಂದಲೂ ಪ್ರತಿ ತಿಂಗಳು ಪ್ರಗತಿ ವರದಿ ಹೋಗುತ್ತಿತ್ತು. ಎಷ್ಟು ದನಕ್ಕೆ ಚಿಕಿತ್ಸೆ, ಎಷ್ಟಕ್ಕೆ ಲಸಿಕೆ, ಎಲ್ಲ ಅದರಲ್ಲಿರುತ್ತಿತ್ತು. ಈ ವರದಿ ತಯಾರಾಗುವ ಬಗೆಯನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತಿಂಗಳ ಕೊನೆಯ ದಿನ ಡಾಕ್ಟರು ಹೋದ ತಿಂಗಳ ವರದಿ ತೆಗೆಯುತ್ತಾರೆ. ಪ್ರತಿ ಅಂಕಿಗೂ ಅಷ್ಟಿಷ್ಟು ಸೇರಿಸುತ್ತಾರೆ. ಕಡಿಮೆ ಬರೆದರೆ ಮೇಲಿನಿಂದ "ಕಾರಣ ಕೇಳಿ" ನೋಟೀಸು ಬರುತ್ತದೆ, ಹೆಚ್ಚು ಬರೆದರೆ ಯಾರೂ ಏನೂ ಕೇಳುವುದಿಲ್ಲ. ಹೀಗೆ ಸೇರಿಸಿ ಸೇರಿಸಿ ಆ ಪ್ರದೇಶದ ಜಾನುವಾರುಗಳ ಆರೋಗ್ಯ ಕಾಗದದ ಮೇಲೆ ವರ್ಷದಿಂದ ವರ್ಷಕ್ಕೆ ಉತ್ತಮಗೊಳ್ಳುತ್ತಾ ಬಂದಿತ್ತು.

ಅಧ್ಯಕ್ಷರು ತಮ್ಮ ಆಸ್ಪತ್ರೆಯ ಮೇಜಿನ ಮೇಲೆ ಹತ್ತೊಂಬತ್ತು ವರದಿಗಳನ್ನು ಹರಡಿಕೊಂಡು ಕೂಡಿಸತೊಡಗಿದರು. ಜೊತೆಗೆ ಹಗ್ಗದಣ್ಣ ಇದ್ದ. ಆಸ್ಪತ್ರೆಯ ಸಹಾಯಕ, ವಯಸ್ಸು ಐವತ್ತೇಳು, ಹೆಗಲ ಮೇಲೆ ದನ ಕಟ್ಟುವ ಹಗ್ಗ ಇಲ್ಲದೆ ಅವನನ್ನು ಕಂಡವರಿರಲಿಲ್ಲ. ಅವನು ತಮ್ಮ ಆಸ್ಪತ್ರೆಯ ವರದಿಯನ್ನು ಬಗ್ಗಿ ನೋಡಿದ.

"ಸಾರ್, ನಮ್ಮಲ್ಲಿರೋದೇ ಮೂರು ಸಾವಿರ ದನ. ಮೂರು ಸಾವಿರದ ಆರ್ನೂರಕ್ಕೆ ಲಸಿಕೆ ಹಾಕಿದೀವಿ ಅಂತಿದೆ."

"ಹೌದಲ್ಲ. ಮಿಕ್ಕ ಆರ್ನೂರು ಎಲ್ಲಿಂದ ಬಂತು?"

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಆಫೀಸು ಸಾರ್ ಅದು. ಯಾರು ಕೇಳ್ತಾರೆ. ಆದ್ರೆ ಈ ಸಲ ನಾವಾಗೇ ತಗೊಂಡ್ಹೋಗಿ ತೋರಿಸ್ಬೇಕಾ ಅಂತ."

ಹಗ್ಗದಣ್ಣನ ಮಾತಿನಲ್ಲಿ ವಿವೇಕವಿತ್ತು. ಆದರೆ ಅವನು ಅಧ್ಯಕ್ಷನಾಗಿರಲಿಲ್ಲವಾದ್ದರಿಂದ ಅದಕ್ಕೆ ಬೆಲೆ ಬರಲಿಲ್ಲ. ಇಷ್ಟು ಕಡಿಮೆ ಜನ ಇಷ್ಟೊಂದು ದುಡಿಯುತ್ತಿದ್ದಾರೆ ಎಂದು ತೋರಿಸಿದರೆ ಕಲ್ಲೂ ಕರಗೀತು ಎಂಬುದು ಅಧ್ಯಕ್ಷರ ಲೆಕ್ಕಾಚಾರ. ಮನವಿಗೆ ಎಂಟು ಪುಟದ ಕೋಷ್ಟಕ ಸೇರಿತು. ಒಟ್ಟು ಸಾಧನೆ ಗುರಿಯ ನೂರ ಹದಿನೇಳು ಪರ್ಸೆಂಟು. ಆ ಅಂಕಿಯ ಕೆಳಗೆ ಮಾವ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದರು.

ಇಲಾಖೆಗೆ ಆಗಷ್ಟೇ ಹೊಸ ನಿರ್ದೇಶಕರು ಬಂದಿದ್ದರು. ಹಿಂದೆ ಅವರು ಅಳತೆ ಮತ್ತು ತೂಕದ ಇಲಾಖೆಯಲ್ಲಿದ್ದವರು. ಅಲ್ಲಿ ಇಪ್ಪತ್ತು ವರ್ಷ ತಕ್ಕಡಿ ನೋಡಿ ನೋಡಿ, ಜಗತ್ತಿನಲ್ಲಿ ಎಣಿಸಲಾಗದ್ದು ಯಾವುದೂ ಇಲ್ಲ, ಎಣಿಸಿದ ಮೇಲೆ ತಿಳಿಯದ್ದು ಯಾವುದೂ ಇಲ್ಲ ಎಂಬ ನಂಬಿಕೆ ಬಂದಿತ್ತು. ಹಸುವಿಗೂ ಎಮ್ಮೆಗೂ ಇರುವ ವ್ಯತ್ಯಾಸವನ್ನು ಅವರಿಗೆ ಕಿಲೋಗ್ರಾಂನಲ್ಲಿ ಹೇಳಬೇಕಾಗಿತ್ತು.

ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಸಂಘದ ಇಬ್ಬರು ಹಿರಿಯ ಸದಸ್ಯರು ಎರಡೂವರೆ ಗಂಟೆ ಬೆಂಚಿನ ಮೇಲೆ ಕಾದ ನಂತರ ಕರೆ ಬಂತು. ನಿರ್ದೇಶಕರು ಮನವಿಯ ಮೊದಲ ಪುಟ ಬಿಟ್ಟು ನೇರವಾಗಿ ಕೋಷ್ಟಕಕ್ಕೆ ಹೋದರು. ಓದುತ್ತಾ ಓದುತ್ತಾ ಅವರ ಮುಖ ಅರಳಿತು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

"ಹತ್ತೊಂಬತ್ತು ಜನ ಮಾತ್ರ ಇದೀರಾ?"

"ಹೌದು ಸರ್. ಹದಿನಾಲ್ಕು ಹುದ್ದೆ ಖಾಲಿ," ಎಂದರು ಅಧ್ಯಕ್ಷರು ನೊಂದ ದನಿಯಲ್ಲಿ.

"ಖಾಲಿ ಇಟ್ಕೊಂಡೇ ನೂರ ಹದಿನೇಳು ಪರ್ಸೆಂಟಾ?"

"ಹಗಲು ರಾತ್ರಿ ದುಡೀತಿದೀವಿ ಸರ್."

"ನಿಮ್ಮ ಆಸ್ಪತ್ರೇನೇ ತಗೊಳ್ಳಿ. ಅರವತ್ತು ಸೀಸೆ ಲಸಿಕೆ ಕೊಟ್ಟಿದೀವಿ. ಸೀಸೆಗೆ ಐವತ್ತು ಡೋಸಿನ ಹಾಗೆ ಮೂರು ಸಾವಿರ. ನೀವು ಮೂರು ಸಾವಿರದ ಆರ್ನೂರಕ್ಕೆ ಹಾಕಿದೀರಿ. ಇದನ್ನ ಉಳಿತಾಯ ಅಂತಾರೆ ನೋಡಿ. ನಮ್ಮ ಹಳೇ ಇಲಾಖೇಲಿ ಎಲ್ಲರೂ ತೂಕ ಕಡಿಮೆ ಮಾಡ್ತಿದ್ರು. ಹೆಚ್ಚು ಮಾಡಿದ ಮೊದಲನೇ ಜನ ನೀವು."

ನಿರ್ದೇಶಕರು ಅಲ್ಲೇ ಸ್ಟೆನೋಗ್ರಾಫರನ್ನು ಕರೆದು ಹೇಳಿ ಬರೆಸಿದರು. ಇರುವ ಸಿಬ್ಬಂದಿಯೇ ಗುರಿ ಮೀರಿ ಸಾಧನೆ ಮಾಡಿರುವುದರಿಂದ ಖಾಲಿ ಇರುವ ಹದಿನಾಲ್ಕು ಹುದ್ದೆಗಳು ಅನಗತ್ಯವೆಂದು ಕಂಡುಬಂದಿದೆ. ಅವುಗಳನ್ನು ರದ್ದುಪಡಿಸಲು ಪ್ರಸ್ತಾವ ಕಳುಹಿಸಬೇಕು. ಸಂಘದ ಅಧ್ಯಕ್ಷರಿಗೆ ಪ್ರಶಂಸಾ ಪತ್ರ ನೀಡಬೇಕು.

"ಸರ್, ಒಬ್ಬ ಮೇಡಂ ರಜೆ ವಿಷಯ ಇತ್ತು," ಎಂದರು ಅಧ್ಯಕ್ಷರು.

"ಮೂರು ಆಸ್ಪತ್ರೆಯವರಾ? ನೋಡಿದೆ. ಅವರದ್ದು ನೂರ ಹತ್ತೊಂಬತ್ತು ಪರ್ಸೆಂಟು. ಅಂಥವರಿಗೆ ರಜೆ ಕೊಟ್ರೆ ಇಲಾಖೆ ಗತಿ ಏನ್ರೀ?"

ಅಧ್ಯಕ್ಷರು ಮನವಿಯ ಮೊದಲ ಪುಟವನ್ನು ಮತ್ತೆ ಅವರ ಮುಂದೆ ಸರಿಸಿದರು. ಕಾರ್ಯದರ್ಶಿ ಕಾಯಲಿಲ್ಲ. ಒಂಬತ್ತು ವರ್ಷದ ಅಭ್ಯಾಸಬಲದಿಂದ ಅವರು ಎದ್ದು ನಿಂತು, ಸಂಘದ ಬೇಡಿಕೆಗಳಿಗೆ ಕೂಡಲೇ ಸ್ಪಂದಿಸಿದ್ದಕ್ಕೆ ನಿರ್ದೇಶಕರಿಗೆ ವಂದನೆ ಅರ್ಪಿಸಿ, ಹೂಗುಚ್ಛ ಕೊಟ್ಟು, ನಾಲ್ವರನ್ನೂ ನಿಲ್ಲಿಸಿ ಫೋಟೋ ತೆಗೆಸಿದರು.

ಆ ಫೋಟೋ ಎರಡನೇ ದಿನ ಪತ್ರಿಕೆಯಲ್ಲಿ ಬಂತು. ಮಾವ ಹನ್ನೆರಡು ಪ್ರತಿ ತಂದರು. ದರ್ಜಿ ತನ್ನ ಅಂಗಡಿಯ ಗೋಡೆಗೆ ಒಂದನ್ನು ಅಂಟಿಸಿ, ನೂರ ಹದಿನೇಳು ಪರ್ಸೆಂಟು ಮಾಡುವವರಿಗೆ ಒಂದು ಚರಂಡಿ ಯಾವ ಲೆಕ್ಕ ಎಂದು ಬಂದವರಿಗೆಲ್ಲ ಹೇಳತೊಡಗಿದ. ಪ್ರಶಂಸಾ ಪತ್ರ ಚೌಕಟ್ಟಿನೊಳಗೆ ಕೂತು ಗೋಡೆ ಏರಿತು. ಅದರ ಕೆಳಗೆ ಕುರ್ಚಿ ಹಾಕಿಕೊಂಡು ಅಧ್ಯಕ್ಷರು ಕೂತಿದ್ದಾಗ ಮೇಡಂ ಫೋನ್ ಮಾಡಿದರು.

"ಸರ್, ಪೇಪರಿನಲ್ಲಿ ನೋಡ್ದೆ. ಅಭಿನಂದನೆ."

"ಅಮ್ಮಾ, ಅದು ಹಾಗಲ್ಲ..."

"ಇಲ್ಲ ಸರ್, ನಿಮ್ಮ ತಪ್ಪೇನಿಲ್ಲ. ನನ್ನ ನೂರ ಹತ್ತೊಂಬತ್ತನ್ನ ನಾನೇ ಬರೆದಿದ್ದು. ಆಪರೇಷನ್ ಮುಂದಕ್ಕೆ ಹಾಕಿ ಅಂತ ಆಸ್ಪತ್ರೆಗೆ ಹೇಳ್ತೀನಿ. ಎಡಗೈ ಇದೆಯಲ್ಲ, ಅಭ್ಯಾಸ ಮಾಡ್ಕೊಂಡ್ರಾಯ್ತು."

ಆಕೆ ಕೋಪದಿಂದ ಹೇಳಿದ್ದರೆ ಅಧ್ಯಕ್ಷರು ತಡೆದುಕೊಳ್ಳುತ್ತಿದ್ದರು. ಆಕೆ ನಿಜವಾಗಿಯೂ ಸಮಾಧಾನ ಹೇಳುತ್ತಿದ್ದರು. ಅಧ್ಯಕ್ಷರು ನಾಚಿ, ಕುರ್ಚಿಯನ್ನು ಪ್ರಶಂಸಾ ಪತ್ರದ ಕೆಳಗಿನಿಂದ ಆಚೆ ಎಳೆದುಕೊಂಡರು.

ತುರ್ತು ಸಭೆ ಸೇರಿತು. ಹತ್ತೊಂಬತ್ತು ಜನವೂ ಬಂದರು. ಎಲ್ಲರೂ ಒಟ್ಟಿಗೆ ಮಾತಾಡಿದರು. ಹುದ್ದೆಗಳನ್ನು ಕಳೆದ ಮಹಾನುಭಾವ ಎಂದು ಒಬ್ಬರು, ಮನೆ ಸುಟ್ಟು ಬೆಂಕಿ ಕಾಯಿಸಿಕೊಂಡವರು ಎಂದು ಇನ್ನೊಬ್ಬರು. ಬೈಗುಳ ಮುಗಿಯುವ ತನಕ ಕಾದು ಅಧ್ಯಕ್ಷರು ಎದ್ದರು.

"ಒಂದೇ ದಾರಿ ಇದೆ. ವರದಿ ಸುಳ್ಳು, ನಿಜವಾದ ಅಂಕಿ ಇಷ್ಟು ಅಂತ ಎಲ್ಲರೂ ಸಹಿ ಮಾಡಿ ಕೊಡೋಣ. ಜನ ಇಲ್ಲದೆ ಕೆಲಸ ಆಗ್ತಿಲ್ಲ ಅನ್ನೋದು ಆಗ ಗೊತ್ತಾಗುತ್ತೆ."

ಒಬ್ಬ ಹಿರಿಯರು ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಎದ್ದರು. "ಸುಳ್ಳು ಅನ್ನೋ ಪದ ನನಗೆ ಒಪ್ಪಿಗೆ ಇಲ್ಲ. ನಾವು ಆಶಾವಾದದಿಂದ ಬರೆದಿದೀವಿ ಅಷ್ಟೇ."

"ಸಂಘದ ಗೌರವದ ಪ್ರಶ್ನೆ," ಎಂದರು ಕಾರ್ಯದರ್ಶಿ. "ಮೇಡಂ ಬಗ್ಗೆ ನಮಗೆಲ್ಲ ಮರುಕ ಇದೆ. ಮರುಕ ವ್ಯಕ್ತಪಡಿಸಿ ಒಂದು ನಿರ್ಣಯ ಮಾಡೋಣ."

ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಮೇಡಂ ಕೂಡ ಅದಕ್ಕೆ ಕೈಯೆತ್ತಬೇಕಾಗಿ ಬಂತು, ಎಡಗೈ ಎತ್ತಿದರು. ಹತ್ತನೇ ತಾರೀಕಿಗೆ ಇನ್ನು ಎಂಟೇ ದಿನ ಉಳಿದಿತ್ತು.

ಮರುದಿನ ಅಧ್ಯಕ್ಷರು ಆಸ್ಪತ್ರೆಯ ಹಿಂದಿನ ಕೋಣೆಗೆ ಹೋಗಿ ಹಗ್ಗದಣ್ಣನನ್ನು ಕರೆದರು.

"ನಾವು ನಿಜವಾಗ್ಲೂ ಎಷ್ಟಕ್ಕೆ ಲಸಿಕೆ ಹಾಕಿದೀವಿ?"

ಹಗ್ಗದಣ್ಣ ಮೂಲೆಯಲ್ಲಿದ್ದ ಗೋಣಿಚೀಲ ತೋರಿಸಿದ. "ಖಾಲಿ ಸೀಸೆ ಒಂದನ್ನೂ ಬಿಸಾಕಿಲ್ಲ ಸಾರ್. ಗಾಜು, ದನ ತುಳಿದ್ರೆ ಕಷ್ಟ ಅಂತ. ಇಪ್ಪತ್ತಮೂರಿವೆ. ಮಿಕ್ಕ ಮೂವತ್ತೇಳು ಫ್ರಿಜ್ಜಲ್ಲಿವೆ. ನಾನು ದನ ಹಿಡಿಯೋದಾ, ಸೂಜಿ ಕೊಡೋದಾ, ಬಾಗಿಲು ಕಾಯೋದಾ? ಇಬ್ಬರಲ್ಲಿ ಎಷ್ಟಾಗುತ್ತೆ?"

ಇಪ್ಪತ್ತಮೂರು ಸೀಸೆ ಎಂದರೆ ಸಾವಿರದ ನೂರೈವತ್ತು ಡೋಸು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಅಧ್ಯಕ್ಷರು ಕಂಡ ಮೊದಲ ನಿಜವಾದ ಅಂಕಿ ಅದು. ಒಂದು ಕಾಗದದಲ್ಲಿ ನಾಲ್ಕು ಸಾಲು ಬರೆದರು, ಸಹಿ ಹಾಕಿದರು, ಕೆಳಗೆ ಮುದ್ರೆ ಒತ್ತಿದರು, ಗೋಣಿಚೀಲ ಹೆಗಲಿಗೇರಿಸಿಕೊಂಡು ಬಸ್ಸು ಹತ್ತಿದರು. ಬಸ್ಸಿನಲ್ಲಿ ಚೀಲ ಗಲಗಲ ಎಂದಾಗಲೆಲ್ಲ ಪಕ್ಕದವರು ಅವರ ಮುಖವನ್ನೂ ಚೀಲವನ್ನೂ ನೋಡಿ ತಮ್ಮದೇ ತೀರ್ಮಾನಕ್ಕೆ ಬಂದು ಬಾಯಿ ಚಪ್ಪರಿಸಿದರು.

ನಿರ್ದೇಶಕರ ಕಚೇರಿಯ ಕಾವಲುಗಾರ ಬಾಗಿಲಲ್ಲೇ ತಡೆದ.

"ಗುಜರಿಯವರು ಹಿಂದಿನ ಗೇಟಿಂದ ಬರ್ಬೇಕು."

"ನಾನು ಪಶುವೈದ್ಯರ ಸಂಘದ ಅಧ್ಯಕ್ಷ."

"ಅದಕ್ಕೂ ಹಿಂದಿನ ಗೇಟೇ."

ಅಧ್ಯಕ್ಷರು ಹಿಂದಿನ ಗೇಟಿನಿಂದಲೇ ಹೋಗಿ, ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತಾ ಒಳಗೆ ನುಗ್ಗಿ, ಚೀಲದ ಬಾಯಿ ಬಿಚ್ಚಿ ನಿರ್ದೇಶಕರ ಮೇಜಿನ ಮೇಲೆ ಸುರಿದರು. ಸೀಸೆಗಳು ಉರುಳಾಡಿ ಒಂದೆರಡು ಕೆಳಗೆ ಬಿದ್ದವು.

"ಎಣಿಸಿ ಸರ್."

ಬೇರೆ ಯಾವ ಅಧಿಕಾರಿಯಾದರೂ ಪೊಲೀಸರನ್ನು ಕರೆಯುತ್ತಿದ್ದರು. ಇವರಿಗೆ "ಎಣಿಸಿ" ಎಂಬ ಮಾತು ಕಿವಿಗೆ ಬಿದ್ದದ್ದೇ ಕೈ ತಾನಾಗಿ ಮುಂದೆ ಬಂತು. ಕೆಳಗೆ ಬಿದ್ದವನ್ನೂ ಹೆಕ್ಕಿ, ಹತ್ತತ್ತರಂತೆ ಸಾಲು ನಿಲ್ಲಿಸಿದರು.

"ಇಪ್ಪತ್ತಮೂರು. ಮಿಕ್ಕಿದ್ದು?"

"ಮಿಕ್ಕಿದ್ದು ತುಂಬೇ ಇದೆ ಸರ್, ಫ್ರಿಜ್ಜಲ್ಲಿ. ಹಾಕಿಲ್ಲ. ಹಾಕೋಕೆ ಜನ ಇಲ್ಲ. ಮೂರು ಸಾವಿರದ ಆರ್ನೂರು ಅಂತ ನಾನು ಬರೆದಿದ್ದು ಶುದ್ಧ ಸುಳ್ಳು."

"ಮಿಕ್ಕವರದ್ದು?"

"ನಂಗೆ ನನ್ನ ಸೀಸೆ ಮಾತ್ರ ಗೊತ್ತು ಸರ್."

ನಿರ್ದೇಶಕರು ಸೀಸೆಗಳನ್ನು ಇನ್ನೊಮ್ಮೆ ಎಣಿಸಿದರು. ಮೋಸದ ತಕ್ಕಡಿಗಳನ್ನು ಇಪ್ಪತ್ತು ವರ್ಷ ಹಿಡಿದವರು. ತಕ್ಕಡಿ ತಾನಾಗಿ ನಡೆದು ಬಂದು ನಾನು ಮೋಸ ಎಂದದ್ದು ಅವರ ಅನುಭವದಲ್ಲಿ ಇರಲಿಲ್ಲ.

"ಇದಕ್ಕೆ ಶಿಕ್ಷೆ ಆಗುತ್ತೆ, ಗೊತ್ತಾ?" ಎಂದರು ಕೊನೆಗೆ.

"ಆಗ್ಲಿ ಸರ್. ಮೇಡಂಗೆ ರಜೆ ಕೊಡಿ. ಅವರ ಭುಜ ಹೋಗಿದೆ."

ಆದೇಶ ಐದನೇ ದಿನ ಬಂತು. ಮಾವ ಹಳೆಯ ಅಭ್ಯಾಸದಂತೆ ಅದನ್ನು ಬೆಳಕಿಗೆ ಹಿಡಿದು ನೋಡಿ, ದಪ್ಪ ಕಾಗದ, ಬಡ್ತಿಯೇ ಇರಬೇಕು ಎಂದು ಗಟ್ಟಿಯಾಗಿ ಓದಲು ಶುರುಮಾಡಿ, ಎರಡನೇ ಸಾಲಿಗೆ ದನಿ ಇಳಿಸಿದರು. ಪ್ರಶಂಸಾ ಪತ್ರ ಹಿಂಪಡೆಯಲಾಗಿದೆ. ಸುಳ್ಳು ವರದಿಗಾಗಿ ಒಂದು ವರ್ಷದ ಬಡ್ತಿ ತಡೆಹಿಡಿಯಲಾಗಿದೆ. ಸದರಿ ವೈದ್ಯರು ಹೇಳಿದ್ದರ ಮೂರನೇ ಒಂದು ಪಾಲು ಮಾತ್ರ ಕೆಲಸ ಮಾಡಿರುವುದರಿಂದ ಅವರಿಗೆ ಸಾಕಷ್ಟು ಬಿಡುವಿದೆಯೆಂದು ಕಂಡುಬಂದಿದ್ದು, ಹತ್ತನೇ ತಾರೀಕಿನಿಂದ ಇಪ್ಪತ್ತೊಂದು ದಿನ ಮೇಡಂ ಅವರ ಮೂರೂ ಆಸ್ಪತ್ರೆಗಳ ಪ್ರಭಾರವನ್ನು ತಮ್ಮ ಆಸ್ಪತ್ರೆಯ ಜೊತೆಗೆ ವಹಿಸಿಕೊಳ್ಳತಕ್ಕದ್ದು. ಮೇಡಂ ಅವರ ರಜೆ ಮಂಜೂರಾಗಿದೆ. ಹದಿನಾಲ್ಕು ಹುದ್ದೆಗಳ ವಿಷಯ ಮರುಪರಿಶೀಲನೆಯಲ್ಲಿದೆ. ಎಲ್ಲ ಆಸ್ಪತ್ರೆಗಳ ಖಾಲಿ ಸೀಸೆಗಳನ್ನು, ಲಸಿಕೆ ಹಾಕಿಸಿದ ದನದ ಮಾಲೀಕರ ಸಹಿಯೊಂದಿಗೆ, ವಾರದೊಳಗೆ ಎಣಿಕೆಗೆ ಹಾಜರುಪಡಿಸತಕ್ಕದ್ದು.

ಕೊನೆಯ ಸಾಲು ಆ ಪ್ರದೇಶದಲ್ಲಿ ಮಾಡಿದ ಅನಾಹುತ ಅಷ್ಟಿಷ್ಟಲ್ಲ. ಖಾಲಿ ಸೀಸೆಗೆ ತುಂಬಿದ ಸೀಸೆಗಿಂತ ಹೆಚ್ಚು ಬೇಡಿಕೆ ಬಂತು. ಲಸಿಕೆಯನ್ನು ಮೋರಿಗೆ ಚೆಲ್ಲೋಣವೆಂದರೆ ದನದ ಮಾಲೀಕರ ಸಹಿಯೂ ಬೇಕಿತ್ತು. ಮೋರಿ ಸಹಿ ಮಾಡುವುದಿಲ್ಲ. ಬೇರೆ ದಾರಿ ಕಾಣದೆ ಸಂಘದ ಸದಸ್ಯರು ಬೂಟು ಹಾಕಿಕೊಂಡು ಕೊಟ್ಟಿಗೆ ಕೊಟ್ಟಿಗೆ ಅಲೆದು ನಿಜವಾಗಿಯೇ ಲಸಿಕೆ ಹಾಕಿದರು. ಸೊಂಟ ಹಿಡಿದುಕೊಂಡೇ ಇನ್ನೊಂದು ತುರ್ತು ಸಭೆ ಸೇರಿ, ಅಧ್ಯಕ್ಷರನ್ನು ಸರ್ವಾನುಮತದಿಂದ ಕೆಳಗಿಳಿಸಿದರು. ಅವತ್ತು ಹಲ್ಲುನೋವೆಂದು ಸಭೆಗೆ ಬಾರದಿದ್ದ ಕಾರ್ಯದರ್ಶಿ ಹೊಸ ಅಧ್ಯಕ್ಷರಾದರು.

ಮಾವ ತಾವೇ ಏಣಿ ಹತ್ತಿ ಬೋರ್ಡು ಇಳಿಸಿದರು. ದರ್ಜಿ ಏಣಿ ಹಿಡಿದುಕೊಂಡಿದ್ದ. "ಹಲಗೆ ಗಟ್ಟಿ ಇದೆ ಸಾಮಿ, ಚರಂಡಿ ಮೇಲೆ ಹಾಕಿದ್ರೆ ದಾಟೋಕಾಗುತ್ತೆ," ಎಂದು ತೆಗೆದುಕೊಂಡು ಹೋದ. ಅಂತೂ ಅವನ ಮನವಿಗೂ ಸಂಘ ಸ್ಪಂದಿಸಿದಂತಾಯಿತು.

ಹನ್ನೆರಡನೇ ತಾರೀಕು ಡಾಕ್ಟರು ಮೂರೂರಿನ ಎರಡನೇ ಊರಿನ ಒಂದು ಕೊಟ್ಟಿಗೆಯಲ್ಲಿ ಅಂಗಿ ಬಿಚ್ಚಿ ಮಂಡಿಯೂರಿ ಕೂತಿದ್ದರು. ಬಲಗೈ ಭುಜದ ತನಕ ಹಸುವಿನೊಳಗಿತ್ತು. ಕರು ತಲೆ ತಿರುಗಿಸಿಕೊಂಡು ಅಡ್ಡ ಬಂದಿತ್ತು. ಮುಕ್ಕಾಲು ಗಂಟೆಯಿಂದ ಅದರ ಮೂತಿ ಕೈಗೆ ಸಿಕ್ಕಿ ಸಿಕ್ಕಿ ಜಾರುತ್ತಿತ್ತು. ಹಸು ತಿಣುಕಿದಾಗಲೆಲ್ಲ ಅವರ ಕೈಯನ್ನು ಯಾರೋ ಬಾಗಿಲ ಸಂದಿಯಲ್ಲಿ ಇಟ್ಟು ಅದುಮಿದಂತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಹಸುವಿನ ಒಡೆಯ ಮುದುಕ. ಅವನಿಗೆ ಇದ್ದದ್ದು ಆ ಒಂದು ಹಸು. ಡಾಕ್ಟರ ಮೇಲೆ ಅವನಿಗೆ ನಂಬಿಕೆ ಹೊರಟುಹೋಗಿ ಬಹಳ ಹೊತ್ತಾಗಿತ್ತು. ಆ ಕಡೆ ತಿರುಗಿ ಮೇಡಂಗೆ ಫೋನ್ ಹಚ್ಚಿ, ಕಷ್ಟ ಹೇಳಿಕೊಂಡು, ತಂದು ಡಾಕ್ಟರ ಕಿವಿಗೆ ಹಿಡಿದ.

"ಸರ್," ಎಂದಿತು ಮೇಡಂ ದನಿ, ಮಂಪರಿನಲ್ಲಿ. "ತಲೆ ಎಡಕ್ಕೆ ತಿರುಗಿದ್ಯಾ? ನಾನು ಒಂದು ಆಟೋ ಮಾಡ್ಕೊಂಡು..."

"ನೀವು ರಜೆಯಲ್ಲಿದ್ದೀರಿ," ಎಂದರು ಡಾಕ್ಟರು ಹಲ್ಲು ಕಚ್ಚಿಕೊಂಡು. "ಫೋನ್ ಇಡಿ."

"ಆದ್ರೆ ಸರ್, ಆ ಹಸು ನಂಗೊತ್ತು, ಅದು..."

"ಇಡಿ ಅಂದ್ನಲ್ಲ ತಾಯಿ. ಇದು ನನ್ನ ಡ್ಯೂಟಿ. ಮಲಗಿ."

ಮುದುಕ ಬೆಪ್ಪಾಗಿ ಫೋನು ಆರಿಸಿದ. ಡಾಕ್ಟರು ಕೆನ್ನೆಯನ್ನು ಹಸುವಿನ ತೊಡೆಗೆ ಆನಿಸಿ ಕಣ್ಣು ಮುಚ್ಚಿ ಮತ್ತೆ ತಡಕಿದರು. ಇನ್ನೂ ಅರ್ಧ ಗಂಟೆ ಹಿಡಿಯಿತು. ಕೊನೆಗೆ ದವಡೆಗೆ ಬೆರಳು ಸಿಕ್ಕಿತು, ತಲೆ ತಿರುಗಿತು, ಹಗ್ಗ ಹಾಕಿ ಎಳೆದಾಗ ಕರು ಅವರ ಮಡಿಲಿಗೇ ಬಂದು ಬಿತ್ತು. ಮೂಗು ಒರೆಸಿ, ಹುಲ್ಲಿನಿಂದ ಉಜ್ಜಿದಾಗ ಅದು ಒಮ್ಮೆ ಸೀನಿ ಉಸಿರಾಡಿತು. ಡಾಕ್ಟರಿಗೆ ಬಲಗೈ ಎತ್ತಲು ಆಗಲಿಲ್ಲ. ಅದನ್ನು ಎಡಗೈಯಲ್ಲಿ ಹಿಡಿದುಕೊಂಡು ಗೋಡೆಗೊರಗಿ ಕೂತರು.

ಮುದುಕ ಕರುವನ್ನೂ ಹಸುವನ್ನೂ ನೋಡಿ, ಆಮೇಲೆ ಡಾಕ್ಟರನ್ನು ನೋಡಿದ.

"ಮೇಡಂ ಆಗಿದ್ರೆ ಅರ್ಧ ಗಂಟೇಲಿ ತೆಗೀತಿದ್ರು," ಎಂದ.

"ಹೌದಪ್ಪ, ತೆಗೀತಿದ್ರು. ಹಾಗೆ ತೆಗೆದೂ ತೆಗೆದೂನೇ ಅವರ ಭುಜ ಹೋಗಿದ್ದು."

ಮುದುಕ ಒಳಗೆ ಹೋಗಿ ಒಂದು ಚೊಂಬು ಬಿಸಿನೀರು ತಂದು, ಕೇಳದೆಯೇ, ಡಾಕ್ಟರ ತೋಳಿಗೆ ಮೆಲ್ಲಗೆ ಹುಯ್ಯತೊಡಗಿದ.